ಹರಳುಗಳ ಒಲವನ್ನು ಅಳೆದ ಕೃಷ್ಣನ್

ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನವೆಂಬುದು ಶಾಲಾ ಮಕ್ಕಳಿಗೂ ಗೊತ್ತು. 1928ರ ಆ ದಿನ ಕಲ್ಕತ್ತಾದ ಬೌಬಜಾರ್ ರಸ್ತೆಯ ಪ್ರಯೋಗಾಲಯದಲ್ಲಿ ಸಿ.ವಿ. ರಾಮನ್ ಅವರ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಅವರ ಹೆಸರು ಮಾತ್ರ ಅಂದಿನ ಭಾಷಣಗಳಲ್ಲಿ ಅಡಿಟಿಪ್ಪಣಿಯಂತೆ ಬಂದು ಹೋಗುತ್ತದೆ. ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳ ನಡುವೆ ವಯಸ್ಸು ಕಳೆದ ನನಗೆ ಭೌತವಿಜ್ಞಾನ ಪರಕೀಯ ಕ್ಷೇತ್ರ. ಆದರೂ ನಿವೃತ್ತಿಯ ನಂತರದ ಓದಿನಲ್ಲಿ ಈ ಮನುಷ್ಯ ನನ್ನನ್ನು ಬಿಡದೆ ಹಿಡಿದುಕೊಂಡಿದ್ದಾರೆ.

ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್ ಹುಟ್ಟಿದ್ದು 1898ರ ಡಿಸೆಂಬರ್ 4ರಂದು, ತಮಿಳುನಾಡಿನ ಶ್ರೀವಿಲ್ಲಿಪುತ್ತೂರು ಸಮೀಪದ ವತ್ರಾಪ್‌ನಲ್ಲಿ. ಮದುರೆಯಲ್ಲಿಯೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಓದಿ, 1920ರಲ್ಲಿ ಕಲ್ಕತ್ತಾ ಸೇರಿದರು. ತಮಿಳು, ಸಂಸ್ಕೃತಗಳಲ್ಲಿ ಒಳ್ಳೆಯ ಪಾಂಡಿತ್ಯ, ಗಣಿತದಲ್ಲಿ ಸಹಜ ಗತಿ. ಸಿದ್ಧಾಂತದತ್ತ ವಾಲಿದ್ದ ಶಿಷ್ಯನನ್ನು ಪ್ರಯೋಗದ ಕಡೆಗೆ ಎಳೆದವರು ರಾಮನ್. ಆ ಫೆಬ್ರುವರಿಯ ದಿನಗಳನ್ನು ಕೃಷ್ಣನ್ ದಿನಚರಿಯಲ್ಲಿ ಬರೆದಿಟ್ಟಿದ್ದರಿಂದ ಇತಿಹಾಸಕಾರರಿಗೆ ಒಂದು ಆಧಾರ ಉಳಿಯಿತು. ಮಾರ್ಚ್ 16ರಂದು ರಾಮನ್ ನಮ್ಮ ಬೆಂಗಳೂರಿನಲ್ಲಿ ಉಪನ್ಯಾಸ ನೀಡಿ ಹೊಸ ವಿಕಿರಣವನ್ನು ವಿವರಿಸಿದರು. ಅದೇ ತಿಂಗಳ 31ರ 'ನೇಚರ್' ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಇಬ್ಬರ ಹೆಸರೂ ಇತ್ತು. 1930ರ ನೊಬೆಲ್ ಒಬ್ಬರಿಗೇ ಬಂತು.

ಇದು ಅನ್ಯಾಯವೇ? 1921ರಿಂದ ಬೆಳಕಿನ ಚದರುವಿಕೆಯ ಬೆನ್ನು ಹತ್ತಿದ್ದವರು ರಾಮನ್. ಪ್ರಶ್ನೆಯೂ ಹಟವೂ ಅವರದೇ. ಬಹುಮಾನದ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಕೃಷ್ಣನ್ ಅವರನ್ನು ಆ ಒಂದು ತಿಂಗಳಿಗೇ ಕಟ್ಟಿಹಾಕುವುದನ್ನು ಒಪ್ಪಲಾರೆ. ಏಕೆಂದರೆ ಅವರ ನಿಜವಾದ ಸ್ವಂತ ಕೆಲಸ ಆರಂಭವಾದದ್ದೇ ಆ ಬಳಿಕ, ಢಾಕಾ ವಿಶ್ವವಿದ್ಯಾಲಯದಲ್ಲಿ.

ಹರಳಿಗೆ ಎಲ್ಲ ದಿಕ್ಕುಗಳೂ ಸಮಾನವಲ್ಲ. ಕಾಂತಕ್ಷೇತ್ರದಲ್ಲಿಟ್ಟರೆ ಅದು ಒಂದು ದಿಕ್ಕಿನಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ ಸ್ಪಂದಿಸುತ್ತದೆ. ಈ ಒಲವನ್ನು ಅಳೆಯಲು ಕೃಷ್ಣನ್ ರೂಪಿಸಿದ ವಿಧಾನ ಬಡದೇಶದ ಪ್ರಯೋಗಾಲಯಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ಸಣ್ಣ ಹರಳನ್ನು ಸ್ಫಟಿಕದ ನವಿರಾದ ಎಳೆಗೆ ತೂಗುಬಿಟ್ಟು, ಕಾಂತದ ಧ್ರುವಗಳ ನಡುವೆ ಇರಿಸುವುದು. ಎಳೆಯ ಮೇಲ್ತುದಿಯನ್ನು ನಿಧಾನವಾಗಿ ತಿರುಚುತ್ತಾ ಹೋಗುವುದು. ಹರಳು ತನ್ನ ಇಷ್ಟದ ದಿಕ್ಕನ್ನು ಬಿಡದೆ ಹಟ ಹಿಡಿಯುತ್ತದೆ. ಒಂದು ಹಂತದಲ್ಲಿ ಸೋತು ಥಟ್ಟನೆ ತಿರುಗಿಬಿಡುತ್ತದೆ. ಆ ಕ್ಷಣದ ತಿರುಚಿನ ಕೋನವೇ ಲೆಕ್ಕಕ್ಕೆ ಸಾಕು. ಇಂತಹ ಅಳತೆಗಳಿಂದ ಹರಳಿನೊಳಗೆ ಅಣುಗಳು ಹೇಗೆ ಮಲಗಿವೆ ಎಂದು ಊಹಿಸುವುದು ಸಾಧ್ಯವಾಯಿತು. 1936ರಲ್ಲಿ ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರೊಡನೆ ಈ ವಿಷಯದ ಮೇಲೆ ಜಂಟಿ ಪ್ರಬಂಧ ಬಂತು.

1933ರಲ್ಲಿ ಕಲ್ಕತ್ತಾಕ್ಕೆ ಮರಳಿದ ಅವರು ಗ್ರಾಫೈಟ್ ಕೈಗೆತ್ತಿಕೊಂಡರು. ಪೆನ್ಸಿಲ್ಲಿನ ಈ ಕಪ್ಪು ಪದಾರ್ಥ ಇಂಗಾಲದ ಹಾಳೆಗಳ ಕಟ್ಟು. ಹಾಳೆಗಳಿಗೆ ಲಂಬವಾಗಿ ಅದರ ಕಾಂತೀಯ ಗುಣ ಅಸಾಧಾರಣವಾಗಿ ಪ್ರಬಲ, ಹಾಳೆಗಳ ಉದ್ದಕ್ಕೆ ತೀರಾ ದುರ್ಬಲ. ಎನ್. ಗಂಗೂಲಿ ಅವರೊಡನೆ ನಡೆಸಿದ ಅಧ್ಯಯನ ಈ ವ್ಯತ್ಯಾಸವನ್ನು ಹಾಳೆಗಳಲ್ಲಿ ಓಡಾಡುವ ಎಲೆಕ್ಟ್ರಾನುಗಳೊಂದಿಗೆ ಜೋಡಿಸಿತು. ಆ ಕಟ್ಟಿನಿಂದ ಒಂದೇ ಪರಮಾಣು ದಪ್ಪದ ಹಾಳೆಯನ್ನು ಮ್ಯಾಂಚೆಸ್ಟರಿನಲ್ಲಿ ಅಂಟುಪಟ್ಟಿಯಿಂದ ಎಬ್ಬಿಸಿ ತೋರಿಸಿದ್ದು 2004ರಲ್ಲಿ.

ಈಗ ಪದರಗಳುಳ್ಳ ಅಯಸ್ಕಾಂತಗಳನ್ನೂ ಹಾಗೆಯೇ ಸುಲಿಯುತ್ತಾರೆ. ಎಲ್ಲ ದಿಕ್ಕುಗಳೂ ಸಮಾನವಾದರೆ ಅಷ್ಟು ತೆಳುವಿನಲ್ಲಿ ಕಾಂತವ್ಯವಸ್ಥೆ ಉಷ್ಣದ ಕುಲುಕಾಟಕ್ಕೆ ಕುಸಿಯುತ್ತದೆಂದು 1966ರಲ್ಲೇ ಸಿದ್ಧವಾಗಿತ್ತು. ಅದನ್ನು ಕಾಪಾಡುವುದು ದಿಕ್ಕಿನ ಒಲವು, ಕೃಷ್ಣನ್ ಜೀವಮಾನವಿಡೀ ಅಳೆದದ್ದರ ಹತ್ತಿರದ ಬಂಧು. ಕಬ್ಬಿಣ, ರಂಜಕ, ಗಂಧಕಗಳ ಇಂತಹ ಒಂದು ಸಂಯುಕ್ತದ ಏಕಪದರದಲ್ಲಿ, ಸುಮಾರು ಮೈನಸ್ 155 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಕಾಂತವ್ಯವಸ್ಥೆ ಇದೆಯೆಂದು 2016ರಲ್ಲಿ ಕೊರಿಯಾದ ವಿಜ್ಞಾನಿಗಳು ಕಂಡುಕೊಂಡರು. ಸಾಕ್ಷಿ ನುಡಿದದ್ದು ರಾಮನ್ ರೋಹಿತ! ಅದರ ಸೋದರಿ ಅವಕೆಂಪು ರೋಹಿತ. ರಾಮನ್‌ಗೆ ಕಾಣದ ಕೆಲವು ಪರಮಾಣು ಕಂಪನಗಳು ಅವಕೆಂಪಿಗೆ ಕಾಣುತ್ತವೆ. ತೊಡಕೆಂದರೆ, ಅವಕೆಂಪಿನ ಅಲೆಯೇ ಹಲವು ವೇಳೆ ಸುಲಿದ ಚೂರಿಗಿಂತ ಉದ್ದ. ಹಾಗಾಗಿ ಸೂಜಿಮೊನೆಯ ತುದಿಗೆ ಬೆಳಕನ್ನು ಹಿಡಿದಿಟ್ಟು ಪರೀಕ್ಷಿಸುವ ಉಪಾಯ ಬೇಕಾಯಿತು.

ಕೃಷ್ಣನ್ ಅವರ ಉಳಿದ ಬದುಕು ನನ್ನಂತಹವರಿಗೆ ಪರಿಚಿತ ದಾರಿ. 1940ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1942ರಲ್ಲಿ ಅಲಹಾಬಾದಿನಲ್ಲಿ ಪ್ರಾಧ್ಯಾಪಕ, 1947ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕ, ಮರುವರ್ಷ ಪರಮಾಣು ಶಕ್ತಿ ಆಯೋಗದ ಸದಸ್ಯ. ದೇಶದ ಕಿಲೋಗ್ರಾಂ ಮಾದರಿಯನ್ನು ಕಾಯುವ ಸಂಸ್ಥೆಯನ್ನು ಕಟ್ಟುವುದು ಸಣ್ಣ ಕೆಲಸವಲ್ಲ. ಅರ್ಥಶಾಸ್ತ್ರಜ್ಞರು ಅವಕಾಶ ವೆಚ್ಚ ಎನ್ನುವುದೊಂದಿದೆ: ಸಮಿತಿಗಳಿಗೆ ತೆತ್ತ ಗಂಟೆಗಳಲ್ಲಿ ಎಷ್ಟು ಹರಳುಗಳು ಅಳತೆ ತಪ್ಪಿಸಿಕೊಂಡವೋ. ಆಡಳಿತಗಾರನಾಗಿದ್ದ ನನಗೇ ಈ ವ್ಯಾಪಾರ ದೇಶಕ್ಕೆ ಲಾಭದ್ದೆಂದು ಖಚಿತವಾಗಿ ಅನ್ನಿಸುವುದಿಲ್ಲ. ಅವರೇನೂ ಸಂಶೋಧನೆಯನ್ನು ಪೂರ್ತಿ ಬಿಡಲಿಲ್ಲ; ಕಾದ ಲೋಹಗಳಿಂದ ಎಲೆಕ್ಟ್ರಾನುಗಳು ಹೊರಹೊಮ್ಮುವುದನ್ನು ಕುರಿತು ಅಲ್ಲಿಯೂ ದುಡಿದರು. 1958ರಲ್ಲಿ ಭಟ್ನಾಗರ್ ಪ್ರಶಸ್ತಿ ಆರಂಭವಾದಾಗ ಮೊದಲು ಸಂದದ್ದು ಅವರಿಗೆ. 1961ರ ಜೂನ್ 14ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ 62 ವರ್ಷ. ಪ್ರಯೋಗಾಲಯದ ಮುಂದಿನ ರಸ್ತೆಗೆ ಅವರ ಹೆಸರಿದೆ.