ಮೂಗು ಮರಳಿ ಪಡೆದ ಕವಾಸ್‌ಜಿ

ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ನಮ್ಮ ಸೀಮೆ 1800ರಲ್ಲಿ ಇಂಗ್ಲಿಷ್ ಕಂಪನಿಯ ಕೈ ಸೇರುವ ಮುನ್ನ ಹೈದರ್, ಟಿಪ್ಪುಗಳ ಆಳ್ವಿಕೆಯನ್ನು ಕಂಡ ನೆಲ. ಆ ಕಾಲದ ಯುದ್ಧಗಳೆಂದರೆ ನಾವು ದೊರೆಗಳನ್ನೂ ಕೋಟೆಗಳನ್ನೂ ಪಾಠ ಮಾಡುತ್ತೇವೆ. ದಂಡಿನ ಹಿಂದೆ ಎತ್ತು ಹೊಡೆದುಕೊಂಡು ಹೋದವರ ಹೆಸರು ಯಾರಿಗೂ ಬೇಡ. ಅಂಥವನೊಬ್ಬನ ಹೆಸರು ಮಾತ್ರ ಜಗತ್ತಿನ ವೈದ್ಯಗ್ರಂಥಗಳಲ್ಲಿ ಉಳಿದಿದೆ. ಅವನೇ ಕವಾಸ್‌ಜಿ.

ಈತ ಮರಾಠಿ ಬೇಸಾಯಗಾರರ ಕುಲದವನು. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿದ ಅವನ ಮೂಗನ್ನೂ ಒಂದು ಕೈಯನ್ನೂ ಟಿಪ್ಪುವಿನ ಕಡೆಯವರು ಕತ್ತರಿಸಿದರು. (ಇಂಥ ಕ್ರೂರ ಶಿಕ್ಷೆ ಅಂದು ಒಬ್ಬ ದೊರೆಯದು ಮಾತ್ರ ಆಗಿರಲಿಲ್ಲ.) ಅದೇ ಸ್ಥಿತಿಯಲ್ಲಿ ಆತ ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಕಂಪನಿಯಿಂದ ಪಿಂಚಣಿ ದೊರೆಯಿತು. ಮೂಗು ಹೋದರೆ ಮಾನವೇ ಹೋಯಿತೆನ್ನುವ ಸಮಾಜದಲ್ಲಿ ಪಿಂಚಣಿಯಿಂದ ಏನಾದೀತು! ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆಯೇ ದಿನ ಕಳೆದ.

ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದರೂ ಹುಬ್ಬುಗಳ ನಡುವೆ ಹಣ್ಣಿನ ತೊಟ್ಟಿನಂತೆ ಒಂದಿಷ್ಟನ್ನು ಬಿಡಿಸದೆ ಉಳಿಸಿದ. ಜಾಣತನವೆಲ್ಲ ಇಲ್ಲಿಯೇ ಇರುವುದು. ರಕ್ತ ಹರಿದುಬರುವುದು ಆ ತೊಟ್ಟಿನಿಂದ. ಅದು ಕಡಿದರೆ ಚರ್ಮ ಒಣಗಿಹೋಗುತ್ತದೆ. ಹಳೆಯ ಗಾಯದ ಅಂಚನ್ನು ಮತ್ತೆ ಕೊಯ್ದು ಹಸಿಮಾಡಿ, ಹಣೆಯ ಚರ್ಮವನ್ನು ತಿರುಗಿಸಿ ತಂದು ಅಲ್ಲಿ ಕೂಡಿಸಿದ. ಹೊಲಿಗೆಯನ್ನೇ ಹಾಕಲಿಲ್ಲ! ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಒಂದರ ಮೇಲೊಂದು ಅಂಟಿಸಿದ. ನಾಲ್ಕು ದಿನಗಳ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ, ಮೂಗು ಬೇರೂರಿದ ಮೇಲೆ, ತೊಟ್ಟನ್ನು ಕತ್ತರಿಸಿದ.

ಗಾಯವನ್ನು ದಾರದಿಂದ ಹೊಲಿಯುವ ಕ್ರಮವೂ ನಮ್ಮವರಿಗೆ ಹೊಸದಲ್ಲ; ಸುಶ್ರುತ ಸಂಹಿತೆಯಲ್ಲಿ ಅದು ವಿವರವಾಗಿದೆ. ಇಂದು ಮುಖದ ಗಾಯವನ್ನು ವೈದ್ಯರು ಕೂದಲಿನಂಥ ನಯವಾದ ದಾರದಿಂದ ಹೊಲಿದು, ಸಾಮಾನ್ಯವಾಗಿ ಐದಾರು ದಿನಗಳಲ್ಲಿ ಬಿಚ್ಚುತ್ತಾರೆ. ಮುಖದಲ್ಲಿ ರಕ್ತಸಂಚಾರ ಹೆಚ್ಚು, ಬೇಗ ಮಾಯುತ್ತದೆ. ಆದ್ದರಿಂದ ಮಗು ಬಿದ್ದು ಹುಬ್ಬು ಒಡೆದುಕೊಂಡರೆ ತಾಯಂದಿರು ಕಾಫಿಪುಡಿ ಮೆತ್ತದೆ, ಶುದ್ಧವಾದ ಬಟ್ಟೆಯನ್ನು ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ನಮ್ಮ ಕೋರಿಕೆ.

ಕವಾಸ್‌ಜಿಯ ಕಥೆ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಅಲ್ಲಿ ಇದೇ ಕ್ರಮದಿಂದ ಒಬ್ಬ ಸೈನ್ಯಾಧಿಕಾರಿಗೆ ಮೂಗು ಕಟ್ಟಿದ. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಬರೆದ ಕವಾಸ್‌ಜಿಯ ಚಿತ್ರವೂ ಉಳಿದಿದೆ. ತಲೆಗೆ ರುಮಾಲು, ಹಣೆಯಲ್ಲಿ ಗಾಯದ ಗುರುತು, ಅದರ ಕೆಳಗೆ ಹೊಸ ಮೂಗು. ಅದನ್ನು ಮಾಡಿದವನ ಹೆಸರನ್ನು ಮಾತ್ರ ಆ ಪತ್ರಿಕೆ ಬರೆಯಲಿಲ್ಲ.