ಸರ್ ಎಂ. ವಿಶ್ವೇಶ್ವರಯ್ಯನವರೂ ನದಿಯ ಲೆಕ್ಕವೂ

ಮಳೆಗಾಲ ಬಂತೆಂದರೆ ನಮ್ಮ ರಾಜೀವನಗರದ ಚಹದಂಗಡಿಗಳಲ್ಲಿ ಪತ್ರಿಕೆ ಹಿಡಿದವರು ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು. ಕಟ್ಟೆ ತುಂಬುವುದು 124.80 ಅಡಿಗೆ. ಕಾವೇರಿಯ ನೀರು ಕುಡಿಯುವ ಮೈಸೂರಿನವರಿಗೆ ಈ ಅಂಕಿಗಳು ಮನೆಮಾತು. ನದಿಯನ್ನು ಹೀಗೆ ಅಂಕಿಗಳಲ್ಲಿ ಓದಿ ಕೆಲಸದ ತೀರ್ಮಾನ ಮಾಡಿದ ಹಿರಿಯರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಕೀರ್ತಿಯನ್ನು ಎಲ್ಲರೂ ಹಾಡುತ್ತಾರೆ. ಅವರು ತೀರ್ಮಾನಕ್ಕೆ ಬರುತ್ತಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ನೋಡೋಣ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಓದಿದ ಈ ತರುಣರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಪುಣೆಗೆ ನೀರೊದಗಿಸುವ ಖಡಕವಾಸ್ಲಾ ಜಲಾಶಯದಲ್ಲಿ ಪ್ರತಿ ವರ್ಷವೂ ಒಂದೇ ತೊಡಕು. ಮಳೆಗಾಲದಲ್ಲಿ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಗೆ ಸಾಲುತ್ತಿರಲಿಲ್ಲ. ಕೋಡಿಯನ್ನು ಸುಮ್ಮನೆ ಎತ್ತರಿಸಿದರೆ ದೊಡ್ಡ ಪ್ರವಾಹ ಬಂದ ದಿನ ಕಟ್ಟೆಗೇ ಅಪಾಯ. ಅವರು ಎತ್ತರವನ್ನು ಸ್ಥಿರವಾಗಿ ಗೊತ್ತುಮಾಡಲೇ ಇಲ್ಲ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಗೇಟುಗಳನ್ನು ರಚಿಸಿ 1903ರಲ್ಲಿ ಅಲ್ಲಿ ಕೂಡಿಸಿದರು. ಕಟ್ಟೆಯನ್ನು ಏರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ರಾತ್ರಿಯ ಮಳೆಗೆ ಅಧಿಕಾರಿಯೊಬ್ಬ ಎದ್ದು ಬಂದು ತೀರ್ಮಾನಿಸಲೆಂದು ನದಿ ಕಾಯುವುದಿಲ್ಲವಷ್ಟೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿನೊಳಗೆ ನುಗ್ಗಿ ಸಾವಿರಾರು ಜನರನ್ನು ಕೊಂದಿತು. ಮರುವರ್ಷ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ದಡಕ್ಕೆ ಗೋಡೆ ಕಟ್ಟಿ ಎಂದು ಹೇಳಿ ಹೋಗುವುದು ಸುಲಭವಾಗಿತ್ತು. ಅವರು ಮಳೆಯ ಲೆಕ್ಕಕ್ಕೆ ಕುಳಿತರು. ನಗರದ ಮೇಲ್ಭಾಗದ ನದೀಪಾತ್ರದಲ್ಲಿ ಸುಮಾರು 800 ಕೆರೆಗಳಿದ್ದು, ಅವುಗಳಲ್ಲಿ 200ಕ್ಕೂ ಹೆಚ್ಚು ಒಡೆದುಹೋಗಿದ್ದವು. ಒಂದು ಕೆರೆಯ ನೀರು ಮುಂದಿನ ಕೆರೆಯನ್ನು ಒಡೆದು ಪ್ರವಾಹವನ್ನು ಬೆಳೆಸಿತ್ತು. ಹಿಂದೆ ಬಂದದ್ದಕ್ಕಿಂತ ಹೆಚ್ಚಿನ ಮಳೆ ಮುಂದೆ ಬಾರದೆಂದು ಹೇಳುವ ಹಾಗಿರಲಿಲ್ಲ. ಆದ್ದರಿಂದ ನಗರದಲ್ಲಿ ನದಿಯೊಡನೆ ಹೋರಾಡುವುದಕ್ಕಿಂತ ಮೇಲೆಯೇ ಅದನ್ನು ತಡೆದು ಹಿಡಿಯುವ ಜಲಾಶಯಗಳಾಗಬೇಕೆಂದು ಸಲಹೆಯಿತ್ತರು. ಉಸ್ಮಾನ್ ಸಾಗರವೂ ಹಿಮಾಯತ್ ಸಾಗರವೂ ಹೀಗೆ ಹುಟ್ಟಿದವು.

1909ರಲ್ಲಿ ಅವರು ಮೈಸೂರಿನ ಚೀಫ್ ಇಂಜಿನಿಯರ್ ಆದರು. ಶಿವನಸಮುದ್ರದ ವಿದ್ಯುತ್ತು 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ನೀರನ್ನು ಕೂಡಿಡದೆ ಉಪಾಯವಿರಲಿಲ್ಲ. ಅವರ ಪೂರ್ಣ ಯೋಜನೆಗೆ 124 ಅಡಿಯ ನೀರು ಬೇಕು, ಸುಮಾರು 41,500 ದಶಲಕ್ಷ ಘನ ಅಡಿ ಹಿಡಿಯುವುದಕ್ಕೆ. ಕೆಳಗಿನ ಮದರಾಸು ಪ್ರಾಂತ ಆಕ್ಷೇಪಿಸಿತು. ದೊರೆತ ಒಪ್ಪಿಗೆ ಮೊದಲ ಹಂತಕ್ಕೆ ಮಾತ್ರ: 80 ಅಡಿ, 11,000 ದಶಲಕ್ಷ ಘನ ಅಡಿ.

ಇಲ್ಲಿದೆ ಅವರ ಜೀವನದ ಅತ್ಯಂತ ಕಠಿಣ ತೀರ್ಮಾನವೆಂದು ನನಗೆ ತೋರುತ್ತದೆ. 1911ರಲ್ಲಿ ಕೆಲಸ ಆರಂಭವಾದಾಗ ಗೋಡೆಗೆ 80 ಅಡಿಯ ಅನುಮತಿ; ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಕ್ಕ ಅಗಲಕ್ಕೆ ಹಾಕಿಸಿದರು. ಎರಡನೆಯ ಒಪ್ಪಿಗೆ ಬಾರದಿದ್ದರೆ ಸಂಸ್ಥಾನದ ಬೊಕ್ಕಸದ ಹಣ ಮಣ್ಣುಪಾಲು! ಕಿರಿದಾದ ತಳಪಾಯ ಹಾಕಿ ಒಪ್ಪಿಗೆ ಬಂದರೆ, ನೀರು ನಿಂತ ಮೇಲೆ ಅದನ್ನು ಅಗಲ ಮಾಡುವುದೆಂತು? ಯಾವ ನಷ್ಟವನ್ನು ಮುಂದೆ ತುಂಬಿಕೊಳ್ಳಬಹುದು, ಯಾವುದನ್ನು ತುಂಬಿಕೊಳ್ಳಲಾಗದು ಎಂಬುದನ್ನು ಅವರು ತೂಗಿ ನೋಡಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಬೆಂಬಲವಾಗಿ ನಿಂತರು. ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು. ಆ ಊರಿನವರ ನಷ್ಟವನ್ನು ಈ ಜಮಾಖರ್ಚಿನಲ್ಲಿ ಎಲ್ಲಿ ಬರೆಯಬೇಕೋ ನಾನರಿಯೆ.

1912ರಲ್ಲಿ ಅವರು ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1918ರಲ್ಲಿ ಮತ್ತೊಂದು ಬಗೆಯ ಅಂಕಿಗಳು ಮುಂದೆ ಬಂದವು. ಜನಸಂಖ್ಯೆಯಲ್ಲಿ ಅಲ್ಪಪಾಲಿನ ಬ್ರಾಹ್ಮಣರ ಕೈಯಲ್ಲಿ ಸರ್ಕಾರದ ಹುದ್ದೆಗಳ ಬಹುಪಾಲಿದೆಯೆಂದು ಹಿಂದುಳಿದ ಸಮುದಾಯದವರು ದೂರಿದರು; ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹುದ್ದೆಗಳನ್ನು ಹೀಗೆ ಹಂಚಿದರೆ ಆಡಳಿತದ ದಕ್ಷತೆ ಕುಗ್ಗುವುದೆಂಬುದು ದಿವಾನರ ನಿಲುವು. ಅವರು ಪದವಿಯನ್ನೇ ಬಿಟ್ಟರು. ನಂಬಿಕೆಗಾಗಿ ಅಧಿಕಾರ ತೊರೆದ ದಿಟ್ಟತನಕ್ಕೆ ನಮಸ್ಕಾರ. ಆದರೆ ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತ ನಮ್ಮಲ್ಲಿ ಅನೇಕರ ಮನೆಗಳಿಗೆ ಮೊದಲ ಅಕ್ಷರ ಬಂದದ್ದೇ ಆ ಎರಡನೆಯ ಲೆಕ್ಕದಿಂದ. ನದಿಯ ಅಂಕಿ ಬದಲಾದಾಗ ಯೋಜನೆಯನ್ನು ಬದಲಿಸಬಲ್ಲವರು ಈ ಅಂಕಿಯ ಮುಂದೆ ಏಕೆ ಹಾಗೆ ಮಾಡಲಿಲ್ಲವೆಂದು, ಅವರಲ್ಲಿ ಗೌರವವಿಟ್ಟುಕೊಂಡೇ, ನಾವು ಕೇಳಬಹುದು.

ತರುವಾಯ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡರು. ಇತ್ತ 1924ರಲ್ಲಿ ಮೈಸೂರು, ಮದರಾಸುಗಳ ಒಪ್ಪಂದವಾಗಿ ಕಟ್ಟೆಯನ್ನು ಪೂರ್ಣ ಎತ್ತರಕ್ಕೆ ಏರಿಸಲು ದಾರಿಯಾಯಿತು. ಹದಿಮೂರು ವರ್ಷ ಹಿಂದೆ ಹಾಕಿದ್ದ ತಳಪಾಯ ಅದಕ್ಕಾಗಿ ಸಿದ್ಧವಾಗಿತ್ತು. ಖಡಕವಾಸ್ಲಾದಂತೆ ಇಲ್ಲಿಯೂ ತಾವಾಗಿ ತೆರೆಯುವ ಗೇಟುಗಳು ಬಂದವು; ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. 1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿದೆ.