ಡಾ. ದ್ವಾರಕಾನಾಥ ಕೋಟ್ನೀಸ್: ಎರಡು ನೆರೆನಾಡುಗಳ ನಡುವಣ ಒಂದು ಬದುಕು

ರಾಷ್ಟ್ರಗಳ ನಡುವಣ ಸಂಬಂಧಗಳನ್ನು ಒಪ್ಪಂದ, ಗಡಿರೇಖೆ ಹಾಗೂ ಸೈನ್ಯಬಲಗಳ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಭಾರತ ಮತ್ತು ಚೀನಗಳ ಆಧುನಿಕ ಇತಿಹಾಸದಲ್ಲಿ ಈ ಲೆಕ್ಕಕ್ಕೆ ಸುಲಭವಾಗಿ ಒಳಪಡದ ಹೆಸರೊಂದಿದೆ. ಅದು ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನೀಸ್ ಅವರದು. ಅವರು ರಾಯಭಾರಿಯಾಗಿರಲಿಲ್ಲ, ಸೇನಾನಿಯೂ ಆಗಿರಲಿಲ್ಲ. ಮುಂಬಯಿಯಲ್ಲಿ ವೈದ್ಯವಿದ್ಯೆಯನ್ನು ಕಲಿತು, ಉತ್ತರ ಚೀನದ ಹಳ್ಳಿಗಾಡಿನಲ್ಲಿ ಮೂವತ್ತೆರಡನೆಯ ವಯಸ್ಸಿಗೇ ಬದುಕನ್ನು ಮುಗಿಸಿದ ಶಸ್ತ್ರವೈದ್ಯರು.

ಕೋಟ್ನೀಸರು ಜನಿಸಿದ್ದು 1910ರ ಅಕ್ಟೋಬರ್ 10ರಂದು, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸೊಲ್ಲಾಪುರದಲ್ಲಿ. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯೇ ಆದ ಈ ಊರು ಕನ್ನಡ, ಮರಾಠಿ, ತೆಲುಗು ಭಾಷಿಕರು ಒಟ್ಟಾಗಿ ಬಾಳಿದ ಗಿರಣಿಗಳ ಪಟ್ಟಣ. 1930ರಲ್ಲಿ ಅಲ್ಲಿನ ಜನ ಬ್ರಿಟಿಷ್ ಆಡಳಿತದ ವಿರುದ್ಧ ಸಿಡಿದೆದ್ದಾಗ ಸೈನಿಕ ಕಾಯಿದೆ ಜಾರಿಗೆ ಬಂದಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ ಮತ್ತು ಜಗನ್ನಾಥ ಶಿಂಧೆ ಅವರನ್ನು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಆಗ ಕೋಟ್ನೀಸರಿಗೆ ಇಪ್ಪತ್ತು ವರ್ಷ.

ಅವರು ವೈದ್ಯಶಿಕ್ಷಣ ಪಡೆದದ್ದು ಮುಂಬಯಿಯ ಪರೇಲಿನಲ್ಲಿರುವ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ. ಸರಕಾರಿ ಸೇವೆಗೆ ಸೇರದ ಅರ್ಹ ಭಾರತೀಯರೇ ಬೋಧಕರಾಗಿರಬೇಕೆಂಬ ನಿಬಂಧನೆಯೊಡನೆ ದೊರೆತ ದತ್ತಿಯಿಂದ ಈ ಸಂಸ್ಥೆಯು 1926ರಲ್ಲಿ ಆರಂಭವಾಗಿತ್ತು. ಸ್ವಾಭಿಮಾನವನ್ನೇ ತಳಹದಿಯಾಗಿ ಹೊಂದಿದ್ದ ಈ ವಿದ್ಯಾಲಯದಿಂದ ಪದವಿ ಪಡೆದು, ಹೆಚ್ಚಿನ ವ್ಯಾಸಂಗದಲ್ಲಿ ತೊಡಗಿದ್ದ ಕಾಲದಲ್ಲಿಯೇ ಅವರಿಗೆ ಚೀನದ ಕರೆ ಕೇಳಿಬಂದಿತು.

1937ರ ಜುಲೈನಲ್ಲಿ ಜಪಾನು ಚೀನದ ಮೇಲೆ ಪೂರ್ಣಪ್ರಮಾಣದ ಯುದ್ಧವನ್ನು ಆರಂಭಿಸಿತ್ತು. ಮುಂಬಯಿಗೆ ಇದು ಕೇವಲ ದೂರದ ಸುದ್ದಿಯಾಗಿರಲಿಲ್ಲ. ಇಲ್ಲಿನ ಬಂದರಿನಿಂದ ಕಚ್ಚಾ ಹತ್ತಿ ಜಪಾನಿಗೆ ಸಾಗುತ್ತಿತ್ತು. ಅಲ್ಲಿಂದ ಬಂದ ಅಗ್ಗದ ಬಟ್ಟೆ ಇಲ್ಲಿನ ಗಿರಣಿಗಳೊಡನೆ ಪೈಪೋಟಿಗಿಳಿಯುತ್ತಿತ್ತು. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಜಪಾನಿ ವಸ್ತುಗಳನ್ನು ಬಹಿಷ್ಕರಿಸಲು ಕರೆಯಿತ್ತಿತು. ಚೀನದ ಎಂಟನೆಯ ಮಾರ್ಗ ಸೇನೆಯ ದಂಡನಾಯಕ ಝು ದೆ ಅವರು ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದ್ದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಸಾರ್ವಜನಿಕರಿಂದ ನಿಧಿ ಸಂಗ್ರಹಿಸಿ ವೈದ್ಯರ ತಂಡವೊಂದನ್ನು ಸಜ್ಜುಗೊಳಿಸಿದರು. ಸ್ವತಃ ಪರಾಧೀನವಾಗಿದ್ದ, ತನ್ನದೇ ವಿದೇಶಾಂಗ ನೀತಿಯನ್ನು ನಡೆಸುವ ಅಧಿಕಾರವಿಲ್ಲದ ದೇಶವೊಂದು ನೆರೆಯ ದೇಶದ ರಕ್ಷಣೆಗೆ ಕೈ ಚಾಚಿದ ಅಪೂರ್ವ ಸಂದರ್ಭವಿದು.

ಅಟಲ್, ಚೋಳ್ಕರ್, ಬಸು, ಮುಖರ್ಜಿ ಹಾಗೂ ಕೋಟ್ನೀಸರನ್ನು ಒಳಗೊಂಡ ತಂಡವು 1938ರ ಸೆಪ್ಟೆಂಬರ್ 1ರಂದು 'ರಾಜಪೂತಾನಾ' ಹಡಗಿನಲ್ಲಿ ಮುಂಬಯಿಯಿಂದ ಹೊರಟಿತು. ಅವರು ಹಾದುಹೋದ ಕ್ಯಾಂಟನ್ ಮತ್ತು ಹ್ಯಾಂಕೋ ನಗರಗಳು ಅಕ್ಟೋಬರ್ ತಿಂಗಳಲ್ಲಿಯೇ ಜಪಾನೀಯರ ವಶವಾದವು. ಚುಂಗ್‌ಕಿಂಗ್‌ನಲ್ಲಿದ್ದಾಗ ಕೋಟ್ನೀಸರಿಗೆ ತಂದೆಯ ನಿಧನದ ವಾರ್ತೆ ತಲುಪಿತು. ಊರಿಗೆ ಮರಳುವ ದಾರಿ ತೆರೆದಿದ್ದರೂ ಅವರು ಮುಂದಕ್ಕೇ ಸಾಗಿದರು. 1939ರ ಫೆಬ್ರವರಿಯಲ್ಲಿ ತಂಡವು ಕಮ್ಯೂನಿಸ್ಟರ ಕೇಂದ್ರವಾದ ಯೆನಾನ್ ಸೇರಿತು. ಐವರೂ ತಮ್ಮ ಚೀನೀ ಹೆಸರಿನ ಕೊನೆಗೆ ಚೀನವನ್ನು ಸೂಚಿಸುವ 'ಹುವಾ' ಎಂಬ ಪದವನ್ನು ಸೇರಿಸಿಕೊಂಡಿದ್ದರು. ಕೋಟ್ನೀಸರು ಕೆ ದಿಹುವಾ ಆದರು.

ಸಂಗಡಿಗರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರೂ ಕೋಟ್ನೀಸರು ಹಿಂದಿರುಗಲಿಲ್ಲ. ಶತ್ರುಸೇನೆಯ ಹಿಂಬದಿಯಲ್ಲಿದ್ದ ಗುಡ್ಡಗಾಡಿನ ನೆಲೆಗಳಿಗೆ ತೆರಳಿ ಗಾಯಾಳುಗಳ ಆರೈಕೆಗೆ ನಿಂತರು. 1940ರ ಕಾಳಗವೊಂದರಲ್ಲಿ 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಿದರೆಂದೂ, 800ಕ್ಕೂ ಮಿಕ್ಕಿ ಸೈನಿಕರಿಗೆ ಚಿಕಿತ್ಸೆ ನೀಡಿದರೆಂದೂ ಅವರ ಜೀವನವೃತ್ತಾಂತಗಳು ತಿಳಿಸುತ್ತವೆ. ಕೆನಡಾದ ವೈದ್ಯ ನಾರ್ಮನ್ ಬೆಥೂನ್ 1939ರಲ್ಲಿ ಅಲ್ಲಿಯೇ ಮಡಿದಿದ್ದರು. ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ನಿರ್ದೇಶಕರಾದರು. ಚೀನೀ ಭಾಷೆಯಲ್ಲಿಯೇ ಪಾಠ ಹೇಳಿ ತರುಣ ವೈದ್ಯರನ್ನು ತಯಾರುಮಾಡಿದರು. ಅದೇ ವರ್ಷ ದಾದಿಯರ ಶಿಕ್ಷಕಿಯಾಗಿದ್ದ ಗುವೊ ಚಿಂಗ್ಲಾನ್ ಅವರನ್ನು ವರಿಸಿದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ಭಾರತ ಮತ್ತು ಚೀನಗಳೆರಡನ್ನೂ ಕೂಡಿಸಿ ಯಿನ್‌ಹುವಾ ಎಂದು ಹೆಸರಿಟ್ಟರು. ಆದರೆ ಅವಿಶ್ರಾಂತ ದುಡಿಮೆಯಿಂದ ದೇಹ ಬಳಲಿತ್ತು. ಅಪಸ್ಮಾರದ ಆಘಾತಗಳು ಮರುಕಳಿಸುತ್ತಿದ್ದವು. 1942ರ ಡಿಸೆಂಬರ್ 9ರಂದು ಅವರು ಕೊನೆಯುಸಿರೆಳೆದರು. ಮಗುವಿಗಿನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಅವರ ಮರಣದ ಮರುವರ್ಷವೇ ಏಷ್ಯಾದ ರಾಜಕಾರಣದ ವಿಚಿತ್ರ ತಿರುವೊಂದು ಕಾಣಿಸಿತು. ಜಪಾನಿನ ಆಕ್ರಮಣಕ್ಕೆ ಗುರಿಯಾದ ಚೀನಕ್ಕೆ ವೈದ್ಯರನ್ನು ಕಳುಹಿಸಿದ್ದ ಸುಭಾಷರೇ 1943ರಲ್ಲಿ ಭಾರತದ ಬಿಡುಗಡೆಗಾಗಿ ಜಪಾನಿನ ನೆರವನ್ನು ಅರಸಿ ಟೋಕಿಯೋ ತಲುಪಿದ್ದರು. ರಾಷ್ಟ್ರಗಳ ಮೈತ್ರಿಯು ಅಗತ್ಯಕ್ಕೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಕೋಟ್ನೀಸರು ಆರೈಕೆ ಮಾಡಿದ ಗಾಯಗಳಿಗೆ ಆ ಚಂಚಲತೆ ಇರಲಿಲ್ಲ.

ಅವರ ಕಥೆಯನ್ನು ಭಾರತದ ಮನೆಮಾತಾಗಿಸಿದ್ದೂ ಮುಂಬಯಿಯೇ. ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ಪುಸ್ತಕವನ್ನು ಆಧರಿಸಿ ವಿ. ಶಾಂತಾರಾಮ್ 1946ರಲ್ಲಿ ಚಲನಚಿತ್ರವನ್ನು ನಿರ್ಮಿಸಿದರು. ಅವರ ರಾಜಕಮಲ್ ಕಲಾಮಂದಿರವು ಇದ್ದದ್ದೂ ಕೋಟ್ನೀಸರು ಓದಿದ ಪರೇಲಿನಲ್ಲಿಯೇ. 1954ರಲ್ಲಿ ಭಾರತ ಹಾಗೂ ಚೀನಗಳು ಪಂಚಶೀಲ ತತ್ತ್ವಗಳನ್ನು ಸ್ವೀಕರಿಸಿದಾಗ ಈ ಸ್ನೇಹಕ್ಕೆ ಭದ್ರ ನೆಲೆ ದೊರೆತಂತೆ ತೋರಿತು. ಎಂಟೇ ವರ್ಷಗಳಲ್ಲಿ, 1962ರಲ್ಲಿ, ಎರಡೂ ದೇಶಗಳು ಹಿಮಾಲಯದಲ್ಲಿ ಯುದ್ಧಕ್ಕೆ ನಿಂತವು. 1967ರಲ್ಲಿ ನಾಥುಲಾದಲ್ಲಿ ಮತ್ತೆ ಗುಂಡುಗಳು ಹಾರಿದವು. ಎರಡು ನಾಡುಗಳ ಹೆಸರನ್ನು ಹೊತ್ತಿದ್ದ ಯಿನ್‌ಹುವಾ, ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ತೀರಿಕೊಂಡದ್ದೂ ಅದೇ ವರ್ಷ.

ಮುಂದೆ ಸಂಬಂಧಗಳು ಸುಧಾರಿಸಿದಂತೆ ಕೋಟ್ನೀಸರ ನೆನಪೂ ಮತ್ತೆ ಮುನ್ನೆಲೆಗೆ ಬಂದಿತು. ಚೀನವು 1982ರಲ್ಲಿ ಅವರ ಸ್ಮರಣೆಗೆ ಅಂಚೆಚೀಟಿಗಳನ್ನು ಹೊರಡಿಸಿತು. 2013ರಲ್ಲಿ ಚೀನದ ಪ್ರಧಾನಿ ಲಿ ಕೆಚಿಯಾಂಗ್ ಮುಂಬಯಿಗೆ ಬಂದಾಗ ಕೋಟ್ನೀಸರ ಕುಟುಂಬದವರನ್ನು ಕಂಡರು. ಆದರೂ 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಎರಡೂ ಕಡೆಯ ಸೈನಿಕರು ಪ್ರಾಣ ತೆತ್ತರು. ಸತ್ಪುರುಷನ ಸ್ಮರಣೆಯೊಂದೇ ಗಡಿಯನ್ನು ಕಾಯಲಾರದು. ತಕರಾರುಗಳನ್ನು ಬಗೆಹರಿಸುವ ಹೊಣೆಯು ಬದುಕಿರುವವರದೇ.

ಹೀಗಿದ್ದರೂ ಕೋಟ್ನೀಸರ ಬದುಕು ಒಂದು ಸಂಗತಿಯನ್ನು ಸ್ಥಾಪಿಸಿದೆ. ನೆರೆಮನೆಗೆ ಬಿದ್ದ ಬೆಂಕಿಯನ್ನು ಆರಿಸಲು ತನ್ನ ಮನೆಯ ಸಂಕಟ ತೀರಲಿ ಎಂದು ಅವರು ಕಾಯಲಿಲ್ಲ. ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿಯಿದೆ. ಸೊಲ್ಲಾಪುರದಲ್ಲಿ ಅವರ ಸ್ಮಾರಕವಿದೆ. ಇವೆರಡರ ನಡುವೆ ಹಿಮಾಲಯವಿದೆ, ವಿವಾದಕ್ಕೊಳಗಾದ ಗಡಿಯಿದೆ. ಅದನ್ನು ಸುತ್ತಿ ಸಾಗಿದ ಕಡಲ ದಾರಿಯೊಂದು ಮುಂಬಯಿಯಿಂದ ಹೊರಟಿತ್ತು.